ಬನ್ನಿ ಎಂದುಬಿಟ್ಟೆ

ಕಾರನ್ನು ವೇಗವಾಗಿ ಓಡಿಸಿದ್ದು ನಿಜ, ಇಲ್ಲವೆನ್ನುವುದಿಲ್ಲ. ನೋಟಿಸು ಮಾತ್ರ ಮೂರು ತಿಂಗಳು ತಡವಾಗಿ ಅಂಚೆಯಲ್ಲಿ ಬಂತು. ತಾರೀಕು ನೋಡಿದೆ. ಅದು ಮಂಜಯ್ಯನವರು ತೀರಿಕೊಂಡ ದಿನ.

ಮುಂಬೈ ಹೋಟೆಲಿನಲ್ಲಿ ನನಗೆ ಕೆಲಸ ಕಲಿಸಿದವರು ಅವರು. ಅಂದು ವಂಡ್ಸೆಯ ಅವರ ಮನೆಗೆ ಹೋಗಿದ್ದೆ. ಸಾವಿನ ಮನೆಯಿಂದ ಏನೂ ಹೇಳದೆ ಎದ್ದು ಬರಬೇಕು, ನಮ್ಮಲ್ಲಿ ಇದು ಮಕ್ಕಳಿಗೂ ಗೊತ್ತು. ಆದರೆ ನನ್ನ ಹಾಳು ಬಾಯಿ! ಜಗಲಿಯಲ್ಲಿ ಮಲಗಿಸಿದ್ದ ಅವರಿಗೆ ಕೈಮುಗಿದು, ಅಭ್ಯಾಸಬಲದಿಂದ, "ಬತ್ತೆ ಮಂಜಣ್ಣ, ನಮ್ಮನಿ ಬದಿಗೂ ಬನ್ನಿ" ಎಂದುಬಿಟ್ಟೆ. ಅಳುತ್ತಿದ್ದವರೆಲ್ಲ ಗಪ್‌ಚಿಪ್ಪಾದರು.

ಬ್ರಹ್ಮಾವರದ ಮನೆಗೆ ಒಬ್ಬನೇ ಹೊರಟೆ. ಹೆದ್ದಾರಿ ಮುಟ್ಟುವಷ್ಟರಲ್ಲಿ, ಪಕ್ಕದ ಖಾಲಿ ಸೀಟಿಗೆ ಬೆಲ್ಟ್ ಹಾಕಿಲ್ಲವೆಂದು ಕಾರು ಕೂಗತೊಡಗಿತು. ಹೊರಗೆ ಸುಡುಬಿಸಿಲು. ಆ ಬದಿಯ ಗಾಜಿನ ಮೇಲೆ ಮಾತ್ರ, ಒಳಗಿನಿಂದ, ಉಸಿರಿನ ಮಬ್ಬು. ಕೋಟದ ಹತ್ತಿರ ಕ್ಯಾಮೆರಾ ಇದೆಯೆಂದು ಗೊತ್ತಿದ್ದರೂ ಆಕ್ಸಿಲರೇಟರಿನಿಂದ ಕಾಲು ಎತ್ತಲಾಗಲಿಲ್ಲ.

ನೋಟಿಸು ಹಿಡಿದು ಠಾಣೆಗೆ ಹೋದೆ. ಪೊಲೀಸಿನವರು ಫೋಟೊವನ್ನು ದೊಡ್ಡದು ಮಾಡಿ, "ಸ್ಪೀಡ್ ಹಾಂಗಿರ್ಲಿ ಮಾರಾಯ್ರೆ, ಹತ್ರ ಕೂಕಂಡವ್ರು ಬೆಲ್ಟ್ ಎಂತಕ್ ಹಾಕ್ಲಿಲ್ಲ?" ಎಂದರು. ನನಗೆ ಕಂಡದ್ದು ಗಾಜಿನ ಹೊಳಪು ಮಾತ್ರ. ತಲೆ ತಗ್ಗಿಸಿ ದಂಡ ಕಟ್ಟಿದೆ.

ಹೆಂಡತಿ ಸ್ವರ್ಣಲತಾಗೆ ಇದಾವುದನ್ನೂ ನಾನು ಹೇಳಿಲ್ಲ. ಆದರೂ ಈ ಮೂರು ತಿಂಗಳಿಂದ ಅವಳು ಕಾರಿನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಾಳೆ. ನಿನ್ನೆ ಪೇಟೆಗೆ ಹೊರಟಾಗ, "ಎದ್ರಿಗೆ ಕೂಕೋ" ಎಂದೆ.

"ಜಾಗ ಎಲ್ಲಿತ್ತ್?" ಎಂದಳು.