ಎರಡು ಸಲ ಬಂದ ಪುಟಗಳು

"ಇದನ್ನು ತಿದ್ದುವುದು ಯಾಕೆ? ಈಗಲೇ ಚೆನ್ನಾಗಿ ಉಂಟಲ್ಲ?"

ಹಸೀನಾಳಿಗೆ ಮೈಯೆಲ್ಲ ಉರಿದುಹೋಯಿತು. ಕಾಪುವಿನಿಂದ ಬಸ್ಸು ಹಿಡಿದು ಮಣಿಪಾಲದ ಈ ಪುಟ್ಟ ಪ್ರೆಸ್ಸಿಗೆ ಬಂದದ್ದು ಕೊನೆ ತಿದ್ದಲೆಂದು ತನ್ನ ಕಾದಂಬರಿಯ ಪ್ರಿಂಟ್ ತೆಗೆಸಲಿಕ್ಕೆ, ಉಪದೇಶ ಕೇಳಲಿಕ್ಕಲ್ಲ.

"ನೀವು ಪ್ರಿಂಟ್ ತೆಗೆಯುವವರಾ, ಓದುವವರಾ?"

"ಎರಡೂ," ಎಂದ ಪ್ರೆಸ್ಸಿನ ಯಜಮಾನ ನಜೀಬ್. ಕಣ್ಣು ಹಾಳೆಯ ಮೇಲೇ ಇತ್ತು.

ಗಂಡ ಗಲ್ಫಿಗೆ ಹೋದ ಮೇಲೆ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ತೆರೆದು ಗೆಲ್ಲುವ ಆಸಿಯಾ ಎಂಬಾಕೆಯ ಕಥೆ ಅದು. ದೊಡ್ಡ ಪ್ರಕಾಶಕರೊಬ್ಬರು ಎರಡು ವರ್ಷ ಇಟ್ಟುಕೊಂಡು ಕೊನೆಗೆ ಹೇಳಿದ್ದಿಷ್ಟೇ: ಅಂಗಡಿ ಮುಚ್ಚಲಿ, ಆಸಿಯಾ ಸ್ವಲ್ಪ ಅಳಲಿ, ನಿಮ್ಮವರ ಕಣ್ಣೀರಿಗೆ ಓದುಗರಿದ್ದಾರೆ. ಎಂಥಾ ಮಾತು ನೋಡಿ!

"ಇವಳು ಅಳುವವಳಲ್ಲ," ನಜೀಬ್ ತಲೆಯೆತ್ತಿದ. "ನೀವೇ ಪ್ರಕಟಿಸಿ. ಇನ್ನೂರು ಪ್ರತಿ ಸಾಕು. ಓದುವವರ ಕೈಗೆ ನಾನು ಮುಟ್ಟಿಸ್ತೇನೆ."

"ಸ್ವಂತಕ್ಕೆ ಪುಸ್ತಕ ಮಾಡಿದವಳನ್ನು ಲೇಖಕಿ ಅಂತ ಯಾರು ಒಪ್ತಾರೆ?"

"ಓದಿದವರು."

ಆ ಒಂದು ಮಾತಿಗೆ ಅವಳು ಸೋತಳು. ಪ್ರೂಫ್ ನೋಡುವ ನೆಪದಲ್ಲಿ ವಾರಕ್ಕೆರಡು ಸಲ ಮಣಿಪಾಲಕ್ಕೆ ಬಂದು ಇನ್ನಷ್ಟು ಸೋತಳು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಪುಸ್ತಕ ಬಂದು ಮೂರು ತಿಂಗಳಾಯಿತು. ನಜೀಬ್ ಬೈಕಿನಲ್ಲಿ ಉಡುಪಿ, ಕಾರ್ಕಳ, ಎರ್ಮಾಳ್ ಎಂದು ತಿರುಗುತ್ತಿದ್ದ. "ಮಾರಾಟ ಆಗ್ತಾ ಉಂಟು," ಎನ್ನುತ್ತಿದ್ದ. ಆದರೆ ಓದಿದವರ ಒಂದು ಮಾತೂ ಅವಳ ಕಿವಿಗೆ ಬೀಳಲಿಲ್ಲ. ಹಸೀನಾಳಿಗೆ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ತಳಮಳ. ನಿಜಕ್ಕೂ ಯಾರಾದರೂ ಓದುತ್ತಿದ್ದಾರಾ...?

ಇವತ್ತು ಬೆಳಿಗ್ಗೆ ಅದೇ ಪ್ರಕಾಶಕರ ಫೋನು. ಕೊನೆ ಬದಲಿಸುವುದಾದರೆ ಹೊಸದಾಗಿ ತಾವೇ ತರುತ್ತಾರಂತೆ. ಸಂಜೆಯೊಳಗೆ ಉತ್ತರ ಬೇಕಂತೆ.

ನಜೀಬನನ್ನು ಕೇಳೋಣವೆಂದು ಓಡಿ ಬಂದರೆ ಅವನಿರಲಿಲ್ಲ. ಬೈಂಡಿಂಗ್ ಮಾಡುವ ಕುಶಲಕ್ಕ ಊಟಕ್ಕೆ ಹೊರಟಿದ್ದರು. "ಈಗ ಬರ್ತಾರೆ, ಕೂತ್ಕೊಳ್ಳಿ," ಎಂದು ಹೋದರು. ಕೂತ ಕುರ್ಚಿಯ ಪಕ್ಕದಲ್ಲೇ ಒಂದು ರಟ್ಟಿನ ಪೆಟ್ಟಿಗೆ. ಅದರ ತುಂಬ ಅವಳದೇ ಪುಸ್ತಕ! ನಲ್ವತ್ತರ ಹತ್ತಿರ ಇರಬಹುದು.

ಹಾಗಾದರೆ ಮಾರಾಟ ಆದದ್ದೆಲ್ಲ ಇಲ್ಲಿಗೇ ಬಂದದ್ದಾ? ತನ್ನ ಮನಸ್ಸು ನೋಯಬಾರದೆಂದು ಇವನೇ ಕೊಂಡದ್ದಾ?

ಮೊಬೈಲಿನಲ್ಲಿ ಪ್ರಕಾಶಕರಿಗೆ 'ನನ್ನ ಒಪ್ಪಿಗೆ ಇದೆ' ಎಂದು ಬರೆದಳು. ಕಳಿಸಲು ಬೆರಳು ಏಳಲಿಲ್ಲ. ಅಷ್ಟರಲ್ಲಿ ಹೆಲ್ಮೆಟ್ ಹಿಡಿದು ನಜೀಬ್ ಒಳಗೆ ಬಂದ. ಅವಳ ಪಕ್ಕದಲ್ಲಿ ಪೆಟ್ಟಿಗೆ ಕಂಡು ಅವನ ಮುಖ ಬಿಳುಚಿತು.

"ನನಗೆ ನಿಮ್ಮ ಕನಿಕರ ಬೇಡ," ಎಂದಳು. "ಓದುವವರು ಇಲ್ಲ ಅಂತ ನೇರ ಹೇಳ್ಬಹುದಿತ್ತು."

"ಒಂದು ತೆಗೆದು ನೋಡಿ."

"ಎಂತ ನೋಡುವುದು?"

"ಅರವತ್ನಾಲ್ಕನೇ ಪುಟ."

ತೆರೆದಳು. ಅರವತ್ನಾಲ್ಕರ ಮುಂದೆ ಮತ್ತೆ ನಲ್ವತ್ತೊಂಬತ್ತು! ಅಂಚಿನಲ್ಲಿ ಪೆನ್ಸಿಲಿನ ಅಕ್ಷರ: 'ಆಸಿಯಾ ಅಂಗಡಿಯ ಬಾಗಿಲು ತೆಗೆದಳಾ ಇಲ್ವಾ? ಮುಂದಿನ ಪುಟ ಎಲ್ಲಿ?'

ಇನ್ನೊಂದರಲ್ಲಿ ಚಹಾದ ಕಲೆ, ಸಾಲುಗಳಡಿಯಲ್ಲಿ ಗೆರೆ. ಮತ್ತೊಂದರಲ್ಲಿ ಒಣಗಿದ ಶಂಕರಪುರ ಮಲ್ಲಿಗೆಯ ಎಸಳು, 'ಇವಳು ನನ್ನ ಅತ್ತಿಗೆಯ ಹಾಗೆಯೇ' ಎಂಬ ಸಾಲು. ಹಸೀನಾಳಿಗೆ ಅಕ್ಷರಗಳು ಮಂಜಾದವು.

"ಹದಿನಾರು ಪುಟಕ್ಕೆ ಒಂದು ಫಾರಂ," ನಜೀಬ್ ತಲೆ ತಗ್ಗಿಸಿ ಹೇಳಿದ. "ನಲ್ವತ್ತು ಪ್ರತಿಗೆ ಐದನೆಯದರ ಬದಲು ನಾಲ್ಕನೆಯದನ್ನೇ ಎರಡು ಸಲ ಇಟ್ಟೆ. ಎಲ್ಲ ಒಬ್ಬೊಬ್ಬರ ಕೈಗೆ ಕೊಟ್ಟದ್ದಲ್ವಾ, ಮನೆ ಗೊತ್ತುಂಟು. ಹೋಗಿ ಬದಲಿಸಿ ಕೊಟ್ಟೆ. ಕೊನೆಯದ್ದು ಬಜಗೋಳಿಯ ಟೀಚರಿಗೆ, ಈಗ ಅಲ್ಲಿಂದಲೇ ಬಂದದ್ದು."

"ನನಗೆ ಯಾಕೆ ಹೇಳಲಿಲ್ಲ?"

"ಯಾವ ಮುಖ ಇಟ್ಟುಕೊಂಡು ಹೇಳುವುದು? ನಿಮ್ಮನ್ನು ಈ ದಾರಿಗೆ ಎಳೆದವನು ನಾನೇ."

"ಇಷ್ಟು ವರ್ಷ ಪ್ರೆಸ್ ನಡೆಸುವವರಿಗೆ ಇಂಥ ತಪ್ಪು ಹೇಗೆ ಆಗ್ತದೆ?"

ಅವನು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟ.

"ಜೋಡಿಸುವಾಗ ಓದ್ಲಿಕ್ಕೆ ಶುರು ಮಾಡಿದೆ..."

"ಪ್ರೂಫಿನಲ್ಲಿ ಎಷ್ಟು ಸಲ ಓದಿದ್ರಿ! ಮತ್ತೆ ಎಂತ ಓದುವುದು?"

"ಪ್ರೂಫ್ ಮುಗಿದಿತ್ತಲ್ಲ, ಹಸೀನಾ. ನೀವು ಬರುವುದು ನಿಂತಿತ್ತು. ಅದನ್ನು ಓದಿದರೆ ನಿಮ್ಮ ಮಾತು ಕೇಳಿದ ಹಾಗೆ ಆಗ್ತಿತ್ತು. ನೀವು ಅಂದರೆ ನನಗೆ ಜೀವ. ಅದು ಮೊದಲ ದಿನವೇ ಗೊತ್ತಾಗಿತ್ತು."

ಹಸೀನಾ ಮೊಬೈಲ್ ತೆಗೆದಳು. ಬರೆದದ್ದನ್ನು ಅಳಿಸಿ, 'ಆಸಿಯಾ ಅಂಗಡಿ ಮುಚ್ಚುವುದಿಲ್ಲ' ಎಂದು ಕಳಿಸಿದಳು. ಮೂರು ತಿಂಗಳ ತಳಮಳ ಅಲ್ಲಿಗೆ ಇಳಿಯಿತು.

"ಹೆಣ್ಣು ಕೇಳ್ಲಿಕ್ಕೆ ನನ್ನ ಉಮ್ಮನನ್ನು ನಿಮ್ಮ ಮನೆಗೆ ಕಳಿಸ್ಲಾ?" ನಜೀಬ್ ಮೆಲ್ಲಗೆ ಕೇಳಿದ.

"ಕಳಿಸಿ. ಆದರೆ ಮುಂದಿನ ಪುಸ್ತಕದ ಫಾರಂ ನಾನೇ ಜೋಡಿಸ್ತೇನೆ."

"ಮತ್ತೆ ನಾನು?"

"ನೀವು ಪಕ್ಕದಲ್ಲಿ ಕೂತು ಓದಿ."