ನಂಬರ್ ಇಲ್ಲದ ತಕ್ಕಡಿ

ನನ್ನ ತೂಕ ಎಷ್ಟೆಂದು ನನಗೆ ಗೊತ್ತಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಚೆನ್ನಾಗಿ ಗೊತ್ತಿದೆ. ಡೈರಿಯಲ್ಲಿ ಕೂಡ ಬರೆದಿಲ್ಲ, ಅವ್ವ ಓದಿಬಿಟ್ಟರೆ ಅಂತ.

ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಮಿಲ್ಲಿದೆ. ಮಧ್ಯಾಹ್ನ ಹಮಾಲರು ಊಟಕ್ಕೆ ಎದ್ದ ಮೇಲೆ, ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಚಪ್ಪಲಿ ಬಿಟ್ಟು ನಿಲ್ಲುತ್ತೇನೆ. ಕೆಂಪು ಅಂಕಿಗಳು ಒಂದಿಷ್ಟು ಕುಣಿದು ನಿಲ್ಲುತ್ತವೆ. ಉಸಿರು ಬಿಗಿಹಿಡಿದರೆ ತೂಕ ಇಳಿಯುವುದಿಲ್ಲ ಅಂತ ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ. ಮುಗಿಸಿದವಳಿಗೆ ಗೊತ್ತಿರಬೇಕು. ಆದರೂ ಬಿಗಿಹಿಡಿಯುತ್ತೇನೆ.

ಮಿಲ್ಲಿಗೆ ಹೊಸ ತಕ್ಕಡಿ ಬಂದ ವಾರವೂ ಹಾಗೆಯೇ ನಿಂತಿದ್ದೆ. ಗಿರಾಕಿಗಳಿಗೆ ಕಾಣಲಿ ಅಂತ ಇದಕ್ಕೆ ಹಿಂದುಗಡೆಯೂ ಒಂದು ಪರದೆ ಇದೆ ಎನ್ನುವುದು ನನ್ನ ಗಮನಕ್ಕೆ ಬಂದಿರಲಿಲ್ಲ. ತಲೆ ಎತ್ತಿದರೆ ಆ ಪರದೆಯ ಆಚೆ, ಬಾಗಿಲಲ್ಲಿ, ಒಬ್ಬ ನಿಂತಿದ್ದ. ಎರಡೂ ಕೈಯಲ್ಲಿ ಒಂದೊಂದು ಕಬ್ಬಿಣದ ತೂಕದ ಕಲ್ಲು.

"ಜಿಗೀಬ್ಯಾಡ್ರಿ ಮತ್ತ," ಅಂದ. "ಮಷಿನ್ ಹಾಳಾಗ್ತೈತಿ."

ಜಿಗಿದೇಬಿಟ್ಟೆ.

ಅವನ ಹೆಸರು ಜಂಬುನಾಥ್. ಹೊಸಪೇಟೆ ಬಸ್‌ಸ್ಟ್ಯಾಂಡ್ ಹಿಂದೆ ಅವನ ಅಜ್ಜ ಇಟ್ಟ ತಕ್ಕಡಿ ರಿಪೇರಿ ಅಂಗಡಿ, ಈಗ ಅವನೇ ನೋಡಿಕೊಳ್ಳುತ್ತಾನೆ. ಹೊಸ ತಕ್ಕಡಿ ಸರಿ ಇದೆಯೋ ನೋಡಲು ಅಪ್ಪ ಕರೆಸಿದ್ದರು. ನನ್ನ ಒಂದು ಚಪ್ಪಲಿ ತಕ್ಕಡಿಯ ಕೆಳಗೆ ಸರಿದಿತ್ತು. ಅದನ್ನು ಕೈಯಿಂದಲೇ ಎಳೆದು ನನ್ನ ಮುಂದಿಟ್ಟು, ಏನೂ ಆಗದವನಂತೆ ಕಲ್ಲುಗಳನ್ನು ಪೇರಿಸತೊಡಗಿದ.

ಅವನು ನೋಡಿದನೋ ಇಲ್ಲವೋ? ನನ್ನ ತಲೆಯಲ್ಲಿ ಅದೊಂದೇ.

"ನೋಡ್ರಿ ಇಲ್ಲಿ. ಇಟ್ಟದ್ದು ಇನ್ನೂರು ಕೆಜಿ. ತೋರಿಸೂದು ನೂರಾ ತೊಂಬತ್ತೊಂಬತ್ತು ಪಾಯಿಂಟ್ ಎಂಟು. ಡೆಲ್ಲ್ಯಾಗ ಸೆಟ್ ಮಾಡಿ ಕಳಿಸಿದ್ದು ಎಲ್ಲಾ ಹಿಂಗ, ಇಲ್ಲಿ ಬಂದ್ರ ಕಡಿಮಿ ತೋರಿಸ್ತಾವು. ಲಾರ್‍ಯಾಗ ಕುಣಿದು ಕೆಡ್ತಾವು ಕಾಣ್ತೈತಿ."

"ಲಾರಿ ಅಲ್ರಿ," ಅಂದೆ.

"ಮತ್ತ?"

"ಭೂಮಿ."

ಅವನು ಕಲ್ಲು ಬಿಟ್ಟು ನನ್ನ ಕಡೆ ತಿರುಗಿದ. ನಾನು ಅವನ ಬೂಟಿನ ಲೇಸು ನೋಡುತ್ತ ಹೇಳಿದೆ. "ಕಬ್ಬಿಣ ಎಲ್ಲಿ ಒಯ್ದ್ರೂ ಅಷ್ಟ ಇರ್ತದ. ಅದು ದ್ರವ್ಯರಾಶಿ. ಭೂಮಿ ಅದನ್ನ ಎಷ್ಟು ಜಗ್ತದೋ ಅದು ತೂಕ. ಡೆಲ್ಲಿಗಿಂತ ನಮ್ಮ ಕಡೆ ಭೂಮಿ ಚೂರು ಮೆತ್ತಗ ಜಗ್ತದ. ಈ ಮಷಿನ್‌ಗೆ ಕಬ್ಬಿಣ ಗೊತ್ತಿಲ್ರಿ. ಜಗ್ಗೂದು ಅಷ್ಟ ಗೊತ್ತು."

"ಹಂಗಾದ್ರ ನೀವು ಡೆಲ್ಲಿಗೆ ಹೋದ್ರ ತೂಕ ಹೆಚ್ಚಾಗ್ತೈತೇನು?"

"ತೂಕ ಹೆಚ್ಚಾಗ್ತದ. ನಾ ಹೆಚ್ಚಾಗಂಗಿಲ್ಲ."

ಅವನು ನಕ್ಕ. ಅಪರಿಚಿತನ ಎದುರು ಇಷ್ಟು ಮಾತಾಡಿದ್ದು ಅದೇ ಮೊದಲು ಅಂತ ನನಗೆ ಆಮೇಲೆ ಹೊಳೆಯಿತು.

ಡೌಟು ಬಂದರೆ ಕೇಳುತ್ತೇನೆ ಅಂತ ಫೋನ್ ನಂಬರ್ ತೆಗೆದುಕೊಂಡು ಹೋದ. ಅವನಿಗೆ ಭಾಳ ಡೌಟುಗಳು ಬಂದವು.

ಒಮ್ಮೆ ಸಂಡೂರಿನಿಂದ ಮೆಸೇಜು. ಅದಿರು ಲಾರಿ ತೂಗುವ ವೇಬ್ರಿಜ್ ನೋಡಲು ಗುಡ್ಡ ಹತ್ತಿದ್ದ. "ಇಷ್ಟು ಮ್ಯಾಲೆ ಭೂಮಿ ಇನ್ನೂ ಮೆತ್ತಗ ಜಗ್ತದೇನ್ರಿ?" ಹೌದು ಅಂದೆ. "ನೀವು ಇಲ್ಲಿಗೆ ಬಂದ್ರ ಎಷ್ಟು ಹಗುರ ಆಗ್ತೀರಿ?" ಲೆಕ್ಕ ಹಾಕಿದೆ. ಹದಿಮೂರು ಗ್ರಾಂ. ಬರೆದು, ಕಳಿಸುವ ಮೊದಲು ಅಳಿಸಿದೆ. ಆ ಹದಿಮೂರನ್ನು ಹಿಡಿದು ಹಿಂದಕ್ಕೆ ಲೆಕ್ಕ ಮಾಡಿದರೆ ನನ್ನ ಪೂರ್ತಿ ತೂಕ ಅವನಿಗೆ ಸಿಕ್ಕಿಬಿಡುತ್ತಿತ್ತು.

"ಸ್ವಲ್ಪ," ಅಂತ ಕಳಿಸಿದೆ.

ಆ ಹೊತ್ತಿಗೆ ಸಂಡೂರಿನಿಂದಲೇ ಇನ್ನೊಂದು ಫೋನೂ ಬಂತು. ಹುಡುಗನ ಕಡೆಯವರು. ಅವರದು ಲಾರಿ ವ್ಯವಹಾರ. ಹುಡುಗನ ತಾಯಿ ಅನ್ನಪೂರ್ಣಮ್ಮ ನನ್ನ ಎತ್ತರ, ಬಣ್ಣ ಎಲ್ಲ ಕೇಳಿ ಕೊನೆಗೆ ತೂಕ ಕೇಳಿದರು.

"ಐವತ್ತೈದ್ರಿ," ಅಂದಳು ಅವ್ವ, ಕಣ್ಣು ಮಿಟುಕಿಸದೆ. "ಸೀರಿ ಉಟ್ರ ಅಷ್ಟೂ ಕಾಣಂಗಿಲ್ಲ."

ಫೋನ್ ಇಟ್ಟ ಮೇಲೆ ನನ್ನ ಮುಖ ನೋಡಿ, "ಮದುವಿ ತನಕ ಅನ್ನ ಬಿಟ್ರಾತು," ಅಂದಳು.

ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ.

ಇದರ ಮೇಲೊಂದು ಹರಕೆ. ಡಿಗ್ರಿ ಕೊನೆಯ ವರ್ಷ ನನಗೆ ಡೆಂಗ್ಯೂ ಬಂದಾಗ, ಮಗಳು ಎದ್ದರೆ ಅವಳ ತೂಕದಷ್ಟು ಬೆಲ್ಲ ಕೊಡುತ್ತೇನೆ ಅಂತ ಅವ್ವ ಮೆಟ್ರಿಯ ನಮ್ಮ ಮನೆದೇವರಿಗೆ ಬೇಡಿಕೊಂಡಿದ್ದಳು. ನಿಶ್ಚಯಕ್ಕೆ ಮೊದಲು ತುಲಾಭಾರ ಮುಗಿಯಲಿ, ನಾವೂ ಬಂದು ಹುಡುಗಿ ನೋಡಿದ ಹಾಗಾಗುತ್ತದೆ ಅಂದರು ಅನ್ನಪೂರ್ಣಮ್ಮ.

"ಮಿಲ್ಲಿನ ತಕ್ಕಡಿನ ಒಯ್ಯೋಣು," ಅಂದರು ಅಪ್ಪ. "ನಿಂದ್ರೂದು, ನಂಬರ್ ನೋಡೂದು, ಅಷ್ಟು ಬೆಲ್ಲ ಇಡೂದು. ಜಲ್ದಿ ಆಗ್ತದ."

ಅವ್ವನ ಸುಳ್ಳು ಅವರಿಗೆ ಗೊತ್ತಿರಲಿಲ್ಲ. ಅವ್ವ ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ನೋಡಿದಳು.

ಅವತ್ತು ಮೊದಲ ಬಾರಿ ನಾನಾಗಿಯೇ ಜಂಬುನಾಥನಿಗೆ ಫೋನ್ ಮಾಡಿದೆ. ಹಂಪಿಯಲ್ಲಿದ್ದ, ಒಂದು ಹೋಟೆಲಿನ ತಕ್ಕಡಿಗೆ ಸೀಲು ಹಾಕಿಸಲು ಬಂದಿದ್ದನಂತೆ.

"ಅಲ್ಲಿ ರಾಜರ ತುಲಾಭಾರದ ಕಲ್ಲುಗಂಬ ಐತಲ್ಲ," ಅಂದೆ. "ರಾಜ ಎಷ್ಟು ಕೆಜಿ ಇದ್ದ?"

"ಯಾರಿಗ್ಗೊತ್ರಿ? ಬಂಗಾರಕ್ಕ ಸಮ ಇದ್ದ ಅಂತಾರ, ಅಷ್ಟ."

"ನನಗೂ ಅಂಥಾದ್ದು ಬೇಕ್ರಿ. ಎರಡು ತಟ್ಟೀದು. ಅದ್ರಾಗ ಭೂಮಿ ಎರಡೂ ಕಡೆ ಒಂದ ಸಮ ಜಗ್ತದ. ಚಂದ್ರನ ಮ್ಯಾಲೆ ಒಯ್ದ್ರೂ ಅಷ್ಟ ಬೆಲ್ಲ ಬೇಕು. ಮತ್ತ ನಂಬರ್..."

"ನಂಬರ್ ಇರಂಗಿಲ್ಲ," ಅಂದ. "ಅಜ್ಜಂದು ಒಂದು ಐತ್ರಿ. ತರ್ತೀನಿ. ಗಟ್ಟಿ ಪೆಂಟಿ ಬೆಲ್ಲ ತರಬ್ಯಾಡ್ರಿ, ಒಂದೊಂದರ ತೂಕ ಗೊತ್ತಿರ್ತೈತಿ, ಜನ ಎಣಿಸ್ತಾರ. ಪುಡಿ ಮಾಡಿಸ್ರಿ."

ಯಾಕೆ ಅಂತ ಅವನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದೇವರ ಕೆಲಸಕ್ಕೆ ಹಳೇ ತಕ್ಕಡಿಯೇ ಸರಿ ಅಂತ ಅವ್ವ ಅಪ್ಪನನ್ನು ಒಪ್ಪಿಸಿದಳು. ಸೋಮವಾರ ಬೆಳಿಗ್ಗೆ ಗುಡಿಯ ಮಂಟಪದ ತೊಲೆಗೆ ಜಂಬುನಾಥನ ಅಜ್ಜನ ತಕ್ಕಡಿ ತೂಗುಬಿದ್ದಿತ್ತು. ಸರಪಳಿಗೆ ಎಣ್ಣೆ ಹಚ್ಚಿ ಒರೆಸಿದ್ದ. ನಾನು ಒಂದು ತಟ್ಟೆಯಲ್ಲಿ ಕೂತೆ. ಇನ್ನೊಂದಕ್ಕೆ ಅವ್ವ ಮೊದಲ ಬೊಗಸೆ ಬೆಲ್ಲ ಹಾಕಿದಳು, ಆಮೇಲೆ ಅಪ್ಪ, ಆಮೇಲೆ ಎಲ್ಲರೂ. ಬೆಲ್ಲದ ವಾಸನೆಗೆ ನೊಣ ಬಂದವು. ಒಂದು ಗಳಿಗೆಯಲ್ಲಿ ನನ್ನ ಕಾಲು ನೆಲ ಬಿಟ್ಟಿತು.

"ಸಮ ಆತು!" ಅಂದರು ಪೂಜಾರಿ.

"ಎಷ್ಟಾತು?" ಅಂದರು ಅನ್ನಪೂರ್ಣಮ್ಮ.

ಅವ್ವ ಸೆರಗು ಹಿಡಿದುಕೊಂಡಳು. ಜಂಬುನಾಥ್ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದೆ ಹೇಳಿದ, "ಇದು ಎಷ್ಟು ಅಂತ ಹೇಳಂಗಿಲ್ರಿ ಅಮ್ಮಾರ. ಬೆಲ್ಲಕ್ಕ ಸಮ ಅದಾರ ಅಂತ ಹೇಳ್ತೈತಿ, ಅಷ್ಟ."

"ಇರ್ಲಿ ಬಿಡ್ರಿ, ಐವತ್ತೈದು ಅಂತ ಮೊದ್ಲ ಹೇಳ್ಯಾರಲ್ಲ," ಅಂತ ಅವರು ನಕ್ಕು ಅವ್ವನ ಕೈ ಹಿಡಿದರು. "ನಮಗ ಒಪ್ಪಿಗಿ ಐತಿ ಕೊಟ್ರಬಸಮ್ಮ. ಹುಡುಗಿ ಮಾತಾಡಂಗಿಲ್ಲ, ಅದೂ ಛಲೋನ."

ಅವ್ವನ ಮುಖ ಅರಳಿತು. ನನ್ನ ಗುಟ್ಟು ಉಳಿಯಿತು. ನಾನೇ ಕೇಳಿ ತರಿಸಿದ ತಕ್ಕಡಿ ನನ್ನನ್ನು ಸಂಡೂರಿಗೆ ಕೊಟ್ಟುಬಿಟ್ಟಿತು.

ಬೆಲ್ಲ ಒಮ್ಮೆಗೇ ತೆಗೆದರೆ ಕೂತವರು ದಬ್ಬನೆ ನೆಲಕ್ಕೆ ಬೀಳುತ್ತಾರೆ. ಜಂಬುನಾಥ್ ಒಂದೊಂದೇ ಬೊಗಸೆ ತೆಗೆದು ಬುಟ್ಟಿಗೆ ಹಾಕುತ್ತಿದ್ದ. ಎರಡು ತಟ್ಟೆಗಳ ನಡುವೆ ಬಾಗಿದಾಗ ನನಗಷ್ಟೇ ಕೇಳುವ ಹಾಗೆ ಹೇಳಿದ, "ಅವತ್ತು ಮಿಲ್ಲಿನ್ಯಾಗ ನಾ ನಂಬರ್ ನೋಡ್ಲಿಲ್ರಿ."

"ಮತ್ತ? ಪರದೆ ನಿಮ್ಮ ಮುಂದ ಇತ್ತು."

"ಉಸಿರು ಬಿಗಿಹಿಡಿದು ನಿಂತಿದ್ರಲ್ಲ. ಮುಖ ನೋಡ್ತಿದ್ದೆ."

ಅವನ ಮೂಗಿನ ತುದಿಗೆ ಬೆಲ್ಲದ ಪುಡಿ ಹತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಇನ್ನೊಂದು ಬೊಗಸೆ ತೆಗೆದ. ನಾನು ಮೆಲ್ಲಗೆ ಇಳಿದೆ, ಕಾಲು ನೆಲಕ್ಕೆ ತಾಗಿತು.

"ಅರವತ್ತೆಂಟು," ಅಂದೆ.

ಮಂಟಪದಲ್ಲಿ ಎಲ್ಲರೂ ತಿರುಗಿದರು.

"ಅರವತ್ತೆಂಟು ಕೆಜಿ ಅದೀನ್ರಿ ಅಮ್ಮಾ, ಐವತ್ತೈದಲ್ಲ."

ಅನ್ನಪೂರ್ಣಮ್ಮ ಅವ್ವನ ಕೈ ಬಿಟ್ಟರು. ಅವ್ವ ಓಡಿಬಂದು ನನ್ನ ತೋಳು ಚಿವುಟಿದಳು. "ಯಾರು ಕೇಳಿದ್ರಲೇ ನಿನ್ನ? ಎಲ್ಲಾ ಸರಿ ಹೋಗಿತ್ತಲ್ಲ! ಏನು ಬೇಕು ನಿನಗ?"

ಅವಳು ಉತ್ತರಕ್ಕಾಗಿ ಕೇಳಿದ್ದಲ್ಲ. ಆದರೂ ನಾನು ತಟ್ಟೆಯಿಂದ ಎದ್ದು ನಿಂತು, ಕೈತುಂಬ ಬೆಲ್ಲ ಹಿಡಿದು ನಿಂತವನ ಕಡೆ ನೋಡಿದೆ, ಈ ಸಲ ಬೂಟಿನ ಲೇಸಲ್ಲ, ಮುಖವನ್ನೇ.

"ನನಗ ಇವರು ಬೇಕವ್ವ."