ಮಂಡಕ್ಕಿ ಹಿಮ

ಬೆಟ್ಟಗಳು ಇನ್ನೂ ಸೀನುತ್ತಿದ್ದ ಕಾಲದಲ್ಲಿ ಹಾಲ್ಮಡು ಅಂತ ಒಂದು ರಾಜ್ಯ. ಅಲ್ಲಿ ಬೇಸಿಗೆಗೆ ಮುಂಚೆ ನೀರ್ನುಡಿ ಹೇಳುವ ಪದ್ಧತಿ. ಒಬ್ಬರು ಬೆಳ್ಳಿಬೆಟ್ಟ ಹತ್ತಿ, ಹಿಮಕ್ಕೆ ಕೋಲು ಚುಚ್ಚಿ ಆಳ ನೋಡಿ ಬಂದು, ಈ ವರ್ಷ ಹೊಳೆಗೆ ಎಷ್ಟು ನೀರು ಅಂತ ಅರಮನೆ ಮುಂದಿನ ಬಂಡೆ ಮೇಲೆ ನಿಂತು ಹೇಳಬೇಕು. ಹೆಚ್ಚು ನೀರು ಅಂದರೆ ರಾಜ ಕೆರೆಯ ತೂಬು ತೆಗೆಸಿ ಭತ್ತ ನೆಡಿಸುತ್ತಿದ್ದ. ಕಡಿಮೆಯೆಂದರೆ ತೂಬು ಮುಚ್ಚಿಸಿ ರಾಗಿ ಬಿತ್ತಿಸುತ್ತಿದ್ದ. ನುಡಿ ಸುಳ್ಳಾದರೆ, ಹೇಳಿದವರು ಕಲ್ಲು.

ಹೋದ ವರ್ಷ ಬೊಮ್ಮಕ್ಕನ ಅಪ್ಪ "ಎದೆಮಟ್ಟ ಹಿಮ, ಬೇಕಾದಷ್ಟು ನೀರು" ಅಂದಿದ್ದ. ಹೊಳೆ ಒಣಗಿತು, ಅಪ್ಪ ಕಲ್ಲಾದ. ಕಾಗೆಗಳು ಅವನ ತಲೆ ಮೇಲೆ ಕೂತು ಮಾಡಬಾರದ್ದು ಮಾಡುತ್ತಿದ್ದವು. ಮಗಳು ದಿನಾ ತೊಳೆಯುತ್ತಿದ್ದಳು.

"ಈ ಸಲ ನಾನು ಹತ್ತುತ್ತೇನೆ," ಅಂದಳು.

"ಹತ್ತು. ಅಪ್ಪನ ಪಕ್ಕ ಜಾಗ ಖಾಲಿ ಇದೆ," ಅಂದ ರಾಜ.

ಬೊಮ್ಮಕ್ಕ ಕೋಲು ಹಿಡಿದಳು. ಗಂಜಿ ಕಾಸಲು ಒಂದು ಮಡಕೆಯನ್ನೂ ಹಿಡಿದಳು.

ಮೊದಲ ತಿರುವಿನಲ್ಲಿ ಕರಡಿ. "ಚುಚ್ಚಿ ನೋಡು ತಾಯಿ, ಎದೆಮಟ್ಟ." ಚುಚ್ಚಿದಳು, ಎದೆಮಟ್ಟ. ಎರಡನೆಯದರಲ್ಲಿ ತೋಳ. "ಚುಚ್ಚಿ ನೋಡು ತಾಯಿ, ಕತ್ತುಮಟ್ಟ." ಕತ್ತುಮಟ್ಟವೇ. ಶಿಖರದಲ್ಲಿ ಬಿಳಿ ಹುಲಿ. "ನೆತ್ತಿಮಟ್ಟ ತಾಯಿ. ಹೋಗಿ ಹಾಗೇ ಹೇಳು."

ಹುಲಿಗೆ ಇಷ್ಟು ಮರ್ಯಾದೆ ಯಾರು ಕಲಿಸಿದರು ಅನ್ನಿಸಿತು ಅವಳಿಗೆ. ಹೊಟ್ಟೆಯೂ ಹಸಿದಿತ್ತು. ಮಡಕೆ ತುಂಬ ಹಿಮ ಅದುಮಿ ಒಲೆಗಿಟ್ಟಳು. ಕರಗಿತು. ತಳದಲ್ಲಿ ಗುಬ್ಬಿ ಮೂತಿ ತೊಳೆಯುವಷ್ಟು ನೀರು.

"ಇದೇನು ಹಿಮವೋ ಮಂಡಕ್ಕಿಯೋ?"

ಹುಲಿಯ ಚರ್ಮ ಕಳಚಿತು. ಒಳಗೆ ಗಾಳಿಗಂಟನೆಂಬ ಮಾಂತ್ರಿಕ.

"ಎರಡು ವರ್ಷದಿಂದ ನಾನೇ ಊದಿ ಉಬ್ಬಿಸಿದ್ದು. ನೀವು ತೂಬು ತೆಗೆದರೆ ನೀರೆಲ್ಲ ನನ್ನ ಹಳ್ಳಕ್ಕೆ. ಅದನ್ನು ಕುಡಿದೇ ನಾನು ಬದುಕೋದು. ನೆತ್ತಿಮಟ್ಟ ಅಂತ ಹೇಳು, ನಿನ್ನ ಅಪ್ಪನನ್ನು ಈಗಲೇ ಬಿಡಿಸುತ್ತೇನೆ."

ಬೊಮ್ಮಕ್ಕ ಮಡಕೆ ಎತ್ತಿಕೊಂಡಳು. ಆಮೇಲೆ ಅಂದಳು, "ಸುಳ್ಳು ನುಡಿದು ಬಿಡಿಸಿದರೆ, ಎದ್ದವನೇ ಅಪ್ಪ ನನಗೆ ಬಾರಿಸುತ್ತಾನೆ. ದಾರಿ ಬಿಡು."

ಬಂಡೆ ಹತ್ತಿ ನಿಂತು ಹೇಳಿದಳು: "ಎತ್ತರ ನೆತ್ತಿಮಟ್ಟ, ನೀರು ಬೊಗಸೆಯಷ್ಟು. ತೂಬು ಮುಚ್ಚಿ. ರಾಗಿ ಬಿತ್ತಿ."

ಅನ್ನದ ಆಸೆಯವರು ಗೊಣಗಿದರು. ರಾಜ ಮಡಕೆಯೊಳಗೆ ಇಣುಕಿ ನೋಡಿ ತೂಬು ಮುಚ್ಚಿಸಿದ.

ಬೇಸಿಗೆಯಲ್ಲಿ ಹೊಳೆ ನೂಲಿನಂತೆ ಹರಿಯಿತು. ಕೆರೆ ಮಾತ್ರ ತುಂಬಿತ್ತು, ಊರೂರಿಗೂ ಸಾಕಾಯಿತು. ಹನಿ ನೀರೂ ಸಿಗದೆ ಗಾಳಿಗಂಟ ಹಪ್ಪಳದಂತೆ ಒಣಗಿ ಪುಡಿಯಾದ. ಅವನ ಮೋಸದ ಜೊತೆಗೇ ಅಪ್ಪನ ಕಲ್ಲೂ ಬಿರಿಯಿತು.

ಅಪ್ಪ ಮೈ ಮುರಿದು ತುಂಬಿದ ಕೆರೆ ನೋಡಿದ. ಮಸಿ ಹಿಡಿದ ಮಡಕೆ ನೋಡಿದ. ನೆರೆದವರ ಕಡೆ ತಿರುಗಿ, "ನನ್ನ ಮಗಳು ಕಣ್ರೋ," ಅಂದ.

ಅಂದಿನಿಂದ ಹಾಲ್ಮಡುವಿನಲ್ಲಿ ಮಡಕೆಯಿಲ್ಲದೆ ಯಾರೂ ಬೆಟ್ಟ ಹತ್ತಿಲ್ಲ. ಎಲ್ಲರೂ ಮುದ್ದೆ ಉಂಡು ಸುಖವಾಗಿದ್ದಾರೆ. ಕಾಗೆಗಳು ಮಾತ್ರ ಇನ್ನೊಂದು ತಲೆ ಹುಡುಕುತ್ತಿವೆ.